ಭಾನುವಾರದ ನೂಡಲ್ಸ್ ಊಟ, ಮೇಲೊಂದು ಐಸ್ ಕ್ರೀಮ್: ನಿಜಕ್ಕೂ ಹೆದರಬೇಕಾದದ್ದು ಯಾವುದಕ್ಕೆ?

ಪ್ರಶ್ನೆ: ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಹೊರಗೆ ಊಟಕ್ಕೆ ಹೋಗುತ್ತೇವೆ. ಮಕ್ಕಳ ಹಟಕ್ಕೆ ಮಣಿದು ನೂಡಲ್ಸ್, ಕೊನೆಗೆ ಐಸ್ ಕ್ರೀಮ್. ಮಾವನವರಿಗೆ 72 ವರ್ಷ, ಸಕ್ಕರೆ ಕಾಯಿಲೆಯೂ ಬಿ.ಪಿ.ಯೂ ಇವೆ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಕಿರಿಯ ಮಗಳಿಗೆ ಐದು ವರ್ಷ. ಟೇಸ್ಟಿಂಗ್ ಪೌಡರ್ ವಿಷವೆಂದು ಮಾವನವರು ಪ್ರತಿ ಸಲವೂ ಗದರುತ್ತಾರೆ. ಕಳೆದ ಬಾರಿ ಐಸ್ ಕ್ರೀಮ್ ಕಪ್ಪಿನ ಮೇಲೆ ‘ಫ್ರೋಜನ್ ಡೆಸರ್ಟ್’ ಎಂದು ಬರೆದಿದ್ದನ್ನು ಕಂಡು ನನಗೂ ಅನುಮಾನ ಬಂದಿದೆ. ಈ ಊಟವನ್ನೇ ನಿಲ್ಲಿಸಬೇಕೆ?
— ಗೃಹಿಣಿಯೊಬ್ಬರು, ತುಮಕೂರು

ಉತ್ತರ: ನಿಲ್ಲಿಸಬೇಕಾಗಿಲ್ಲ. ಆದರೆ ನಿಮ್ಮ ಮನೆಯಲ್ಲಿ ಚರ್ಚೆಯಾಗುತ್ತಿರುವುದು ಟೇಸ್ಟಿಂಗ್ ಪೌಡರಿನ ಸುತ್ತ. ಮಾವನವರ ಆರೋಗ್ಯಕ್ಕೆ ಸಂಬಂಧಿಸಿದ ವಸ್ತು ಅದರ ಪಕ್ಕದ ಬಾಟಲಿಯಲ್ಲಿದೆ.

ಟೇಸ್ಟಿಂಗ್ ಪೌಡರ್, ಅಂದರೆ ನಮ್ಮಲ್ಲಿ ಅಜಿನೊಮೊಟೊ ಎಂಬ ಬ್ರ್ಯಾಂಡ್ ಹೆಸರಿನಿಂದಲೇ ಪರಿಚಿತವಾಗಿರುವ ಮಾನೋಸೋಡಿಯಂ ಗ್ಲುಟಮೇಟ್‌ನ ಮೂಲ ಇರುವುದು ಜಪಾನಿನ ಅಡುಗೆಯಲ್ಲಿ. ಕೊಂಬು ಎಂಬ ಕಡಲಪಾಚಿಯ ಸಾರಿಗೆ ಅದರ ವಿಶಿಷ್ಟ ರುಚಿ ಬರುವುದು ಗ್ಲುಟಮೇಟ್‌ನಿಂದ ಎಂದು 1908ರಲ್ಲಿ ಕಂಡುಕೊಂಡವರು ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ. ಹಣ್ಣಾದ ಟೊಮೆಟೊ, ಅಣಬೆ, ತಾಯಿಯ ಎದೆಹಾಲು ಇವೆಲ್ಲದರಲ್ಲೂ ಗ್ಲುಟಮೇಟ್ ಸಹಜವಾಗಿಯೇ ಇದೆ. ಅದರ ಮೇಲಿನ ಅಪವಾದ ಹುಟ್ಟಿದ್ದು 1968ರಲ್ಲಿ, ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ಕುತ್ತಿಗೆ ಜೋಮು ಹಿಡಿಯುತ್ತದೆ, ಎದೆ ಡವಗುಟ್ಟುತ್ತದೆ ಎಂದು ವೈದ್ಯರೊಬ್ಬರು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆದ ಸಣ್ಣ ಪತ್ರದಿಂದ. ಸೋಯಾ ಸಾಸ್, ಅಡುಗೆಯ ವೈನ್, ಉಪ್ಪು, ಗ್ಲುಟಮೇಟ್ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು ಎಂದಷ್ಟೇ ಅವರು ಊಹಿಸಿದ್ದರು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಗ್ಲುಟಮೇಟ್ ಒಂದೇ. ಮುಂದೆ, ತಿನ್ನುವವರಿಗೂ ಕೊಡುವವರಿಗೂ ತಿಳಿಯದಂತೆ ಏರ್ಪಡಿಸಿದ ಪರೀಕ್ಷೆಗಳಲ್ಲಿ ಈ ತೊಂದರೆಗಳು ಖಚಿತವಾಗಿ ಮರುಕಳಿಸಲಿಲ್ಲ. ಬರಿಹೊಟ್ಟೆಯಲ್ಲಿ ಮೂರು ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೇವಿಸಿದಾಗ ಕೆಲವರಿಗೆ ಅಲ್ಪಕಾಲದ ತಲೆನೋವು, ಜೋಮು ಕಾಣಿಸಿಕೊಳ್ಳುವುದುಂಟು. ಒಂದು ತಟ್ಟೆ ನೂಡಲ್ಸ್‌ನಲ್ಲಿ ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ. ನಿಮ್ಮ ಮಗಳಿಗೆ ಐದು ವರ್ಷವಾದ್ದರಿಂದ, 12 ತಿಂಗಳಿಗಿಂತ ಚಿಕ್ಕ ಕೂಸುಗಳಿಗೆ ಇದು ಬೇಡವೆಂದು ಪೊಟ್ಟಣಗಳ ಮೇಲೆ ಮುದ್ರಿಸುವ ಎಚ್ಚರಿಕೆ ಅವಳಿಗೆ ಅನ್ವಯಿಸುವುದಿಲ್ಲ.

ಇನ್ನು ಪಕ್ಕದ ಬಾಟಲಿಯ ಮಾತು. ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಮಿಲಿಲೀಟರ್ ಸೋಯಾ ಸಾಸ್‌ನಲ್ಲಿ ಹೆಚ್ಚುಕಡಿಮೆ 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಅದು ಎರಡು ಗ್ರಾಂಗಿಂತ ಹೆಚ್ಚು ಉಪ್ಪಿಗೆ ಸಮ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ಇಡೀ ದಿನಕ್ಕೆ 5 ಗ್ರಾಂ ಉಪ್ಪು. ಮೊದಲು ಮಂಚೋ ಸೂಪ್, ನಡುವೆ ಗೋಬಿ ಮಂಚೂರಿ, ಆಮೇಲೆ ನೂಡಲ್ಸ್, ಜೊತೆಗೆ ಮೇಜಿನ ಮೇಲಿನ ಸಾಸ್ ಎಂದು ಊಟ ಸಾಗಿದರೆ, ಬಿ.ಪಿ. ಇರುವ ಹಿರಿಯರ ದಿನದ ಪಾಲು ಮಧ್ಯಾಹ್ನ ಎರಡು ಗಂಟೆಗೇ ಮುಗಿದಿರುತ್ತದೆ. ಟೇಸ್ಟಿಂಗ್ ಪೌಡರಿನಲ್ಲಿಯೂ ಸೋಡಿಯಂ ಇದೆ, ಆದರೆ ತೂಕಕ್ಕೆ ತೂಕ ಹೋಲಿಸಿದರೆ ಅಡುಗೆ ಉಪ್ಪಿನಲ್ಲಿರುವುದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ‘ಪೌಡರ್ ಹಾಕಬೇಡಿ’ ಎನ್ನುವ ಬದಲು ‘ಸೋಯಾ ಸಾಸ್, ಉಪ್ಪು ಕಡಿಮೆ ಹಾಕಿ’ ಎಂದು ಹೇಳುವುದು ಮಾವನವರಿಗೆ ಹೆಚ್ಚು ಉಪಕಾರಿ. ನೂಡಲ್ಸ್‌ನ್ನು ಆಯಾ ಹೊತ್ತಿಗೆ ಬಾಣಲೆಯಲ್ಲಿ ಹುರಿದು ಕೊಡುವುದರಿಂದ ಈ ಕೋರಿಕೆಯನ್ನು ನಡೆಸಿಕೊಡುವುದು ಅಡುಗೆಯವರಿಗೆ ಕಷ್ಟವಲ್ಲ. ಮೊದಲೇ ಕುದಿಸಿಟ್ಟ ಸೂಪಿಗೆ ಅದು ಸಾಧ್ಯವಿಲ್ಲ, ಹಾಗಾಗಿ ಅವರು ಸೂಪನ್ನು ಬಿಡುವುದೇ ವಾಸಿ.

ಸಕ್ಕರೆ ಕಾಯಿಲೆಯ ದೃಷ್ಟಿಯಿಂದ, ಮೈದಾದ ನೂಡಲ್ಸ್‌ಗೆ ಕೈಹಾಕುವ ಮೊದಲು ತರಕಾರಿಯನ್ನೂ ಪನೀರ್ ಅಥವಾ ತೋಫುವನ್ನೂ ತಿನ್ನುವುದರಿಂದ ರಕ್ತದಲ್ಲಿ ಸಕ್ಕರೆ ಏರುವ ವೇಗ ತಗ್ಗುತ್ತದೆ. ಐಸ್ ಕ್ರೀಮ್ ತಿನ್ನಲೇಬೇಕೆಂದಿದ್ದರೆ ನೂಡಲ್ಸ್ ಅರ್ಧಕ್ಕೆ ಇಳಿಯಲಿ, ಐಸ್ ಕ್ರೀಮ್ ಒಂದು ಸಣ್ಣ ಸ್ಕೂಪ್ ಸಾಕು. ‘ಶುಗರ್ ಫ್ರೀ’ ಎಂಬ ಫಲಕ ನೋಡಿ ಎರಡು ಕಪ್ ತಿನ್ನುವವರನ್ನು ನಾನು ಬಹಳ ಕಂಡಿದ್ದೇನೆ. ಅದರಲ್ಲಿ ಬಳಸುವ ಮಾಲ್ಟಿಟಾಲ್‌ನಂಥ ಸಿಹಿಕಾರಕಗಳು ಸಕ್ಕರೆಯನ್ನು ಸ್ವಲ್ಪ ಮಟ್ಟಿಗೆ ಏರಿಸುತ್ತವೆ, ಹೆಚ್ಚಾದರೆ ಹೊಟ್ಟೆಯನ್ನೂ ಕೆಡಿಸುತ್ತವೆ.

ಅತ್ತೆಯವರ ಮಟ್ಟಿಗೆ ‘ವೆಜ್ ನೂಡಲ್ಸ್’ ಎಂಬ ಹೆಸರಷ್ಟೇ ಸಾಲದು. ಕೆಲವು ನೂಡಲ್ಸ್‌ಗಳ ಹಿಟ್ಟಿಗೇ ಮೊಟ್ಟೆ ಸೇರಿರುತ್ತದೆ. ನಮ್ಮ ಆಹಾರ ಕಾನೂನಿನಲ್ಲಿ ಮೊಟ್ಟೆ ಮಾಂಸಾಹಾರದ ಪಟ್ಟಿಯಲ್ಲಿರುವುದರಿಂದ ಅಂಥ ಪೊಟ್ಟಣದ ಮೇಲೆ ಹಸಿರು ವೃತ್ತದ ಬದಲು ಕಂದು ತ್ರಿಕೋನ ಇರಬೇಕು. ಪೊಟ್ಟಣ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಸಿಂಪಿಯಂಥ ಕಡಲಜೀವಿಯಿಂದ ಮಾಡುವ ಆಯ್ಸ್ಟರ್ ಸಾಸ್ ಹಾಕಿದ್ದಾರೆಯೇ ಎಂದೂ ವಿಚಾರಿಸಿ. ಅಕ್ಕಿಯ ನೂಡಲ್ಸ್ ಸಿಕ್ಕರೆ ಮೊಟ್ಟೆಯ ಅನುಮಾನ ಬಹುಮಟ್ಟಿಗೆ ಕಳೆಯುತ್ತದೆ, ಮತ್ತು ಒತ್ತು ಶಾವಿಗೆ ಉಂಡು ಬೆಳೆದವರಿಗೆ ಅದರ ರುಚಿ ಅಪರಿಚಿತವೂ ಅಲ್ಲ. ಐಸ್ ಕ್ರೀಮ್ ಅಂಗಡಿಯಲ್ಲಿ ಗಡ್‌ಬಡ್ ತರಿಸಿದರೆ ಅದರೊಳಗಿನ ಜೆಲ್ಲಿಯ ಬಗ್ಗೆ ಒಂದು ಮಾತು ಕೇಳುವುದು ಒಳ್ಳೆಯದು: ಕಡಲಪಾಚಿಯಿಂದ ಮಾಡಿದ ಜೆಲ್ಲಿ ಸಸ್ಯಾಹಾರ, ಜೆಲಾಟಿನ್‌ನಿಂದ ಮಾಡಿದ್ದು ಪ್ರಾಣಿಜನ್ಯ.

ಈಗ ನಿಮ್ಮ ಅನುಮಾನಕ್ಕೆ ಬರೋಣ. ಐಸ್ ಕ್ರೀಮ್ ಮತ್ತು ಫ್ರೋಜನ್ ಡೆಸರ್ಟ್ ಬೇರೆ ಬೇರೆ ಪದಾರ್ಥಗಳು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಐಸ್ ಕ್ರೀಮ್‌ನಲ್ಲಿರುವ ಕೊಬ್ಬು ಹಾಲಿನದಾಗಿರಬೇಕು, ಸಾಮಾನ್ಯ ಐಸ್ ಕ್ರೀಮ್‌ನಲ್ಲಿ ಅದು ಶೇ 10ಕ್ಕಿಂತ ಕಡಿಮೆ ಇರಬಾರದು. ಹಾಲಿನ ಕೊಬ್ಬಿನ ಜಾಗದಲ್ಲಿ ಪೂರ್ತಿಯಾಗಿ ಅಥವಾ ಭಾಗಶಃ ತಾಳೆ, ಕೊಬ್ಬರಿ ಮುಂತಾದ ಸಸ್ಯಜನ್ಯ ಎಣ್ಣೆ ಬಳಸಿದರೆ ಅದನ್ನು ಫ್ರೋಜನ್ ಡೆಸರ್ಟ್ ಎಂದೇ ಕರೆಯಬೇಕು. ಎಣ್ಣೆ ಬೆಣ್ಣೆಗಿಂತ ಅಗ್ಗವಾಗಿರುವುದೇ ಇದರ ಮುಖ್ಯ ಕಾರಣ. ಇದು ಕಲಬೆರಕೆಯಲ್ಲ, ಮಗಳಿಗೆ ಅಪಾಯವೂ ಇಲ್ಲ; ಸಕ್ಕರೆಯಾಗಲಿ, ಹೃದಯಕ್ಕೆ ಒಗ್ಗದ ಸ್ಯಾಚುರೇಟೆಡ್ ಕೊಬ್ಬಾಗಲಿ ಎರಡರಲ್ಲೂ ಧಾರಾಳವಾಗಿಯೇ ಇವೆ. ನನ್ನ ಆಕ್ಷೇಪ ಇರುವುದು ಹೆಸರಿನ ವಿಷಯದಲ್ಲಿ. ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ಫ್ರೋಜನ್ ಡೆಸರ್ಟ್ ಎಂದಿದ್ದರೂ ಮೆನುವಿನಲ್ಲಿ ಅದು ಐಸ್ ಕ್ರೀಮ್ ಆಗಿಬಿಡುತ್ತದೆ, ಗ್ರಾಹಕರು ಹಾಲಿನ ಪದಾರ್ಥಕ್ಕೆಂದು ಹಣ ಕೊಟ್ಟು ಎಣ್ಣೆಯ ಪದಾರ್ಥ ತಿಂದು ಬರುತ್ತಾರೆ. ಸ್ಕೂಪ್ ತೆಗೆದುಕೊಡುವ ಕಡೆ ಮೂಲ ಡಬ್ಬಿಯನ್ನು ತೋರಿಸುವಂತೆ ಕೇಳಿ. ಮನೆಗೆ ಒಯ್ಯುವುದಾದರೆ ಲೀಟರ್ ಲೆಕ್ಕವನ್ನಷ್ಟೇ ನಂಬದೆ ಗ್ರಾಂ ನೋಡಿ. ಐಸ್ ಕ್ರೀಮ್ ತಯಾರಿಸುವಾಗ ಅದರೊಳಗೆ ಗಾಳಿ ಸೇರಿಸುತ್ತಾರೆ, ಒಂದು ಲೀಟರ್ ಕನಿಷ್ಠ 525 ಗ್ರಾಂ ತೂಗಿದರೆ ನಿಯಮ ಪಾಲಿಸಿದಂತಾಯಿತು. ಅಂದರೆ ಡಬ್ಬಿಯ ಅರ್ಧದಷ್ಟು ಬರಿಯ ಗಾಳಿಯೇ ಇರಬಹುದು.

ಪ್ರಶ್ನೆ: ಮಧ್ಯಾಹ್ನ ಉಳಿದ ನೂಡಲ್ಸ್‌ನ್ನು ಪಾರ್ಸೆಲ್ ಮಾಡಿಸಿಕೊಂಡು ರಾತ್ರಿ ಬಿಸಿ ಮಾಡಿ ತಿನ್ನುತ್ತೇವೆ. ಚೆನ್ನಾಗಿ ಬಿಸಿ ಮಾಡಿದರೆ ಸಾಕಲ್ಲವೆ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಸಾಲದು. ಈ ಅಂಕಣದಲ್ಲಿ ಇಂದು ನಾನು ಗಟ್ಟಿಯಾಗಿ ಎಚ್ಚರಿಸಬೇಕಾದ ವಿಷಯ ಇದೇ. ಅನ್ನ, ನೂಡಲ್ಸ್ ಮುಂತಾದ ಪಿಷ್ಟದ ಪದಾರ್ಥಗಳಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದ ಮೇಲೂ ಬದುಕುಳಿಯುತ್ತವೆ. ಪದಾರ್ಥ ಕೋಣೆಯ ಉಷ್ಣತೆಯಲ್ಲಿ ಗಂಟೆಗಟ್ಟಲೆ ಉಳಿದರೆ ಅವು ಮೊಳೆತು ನಂಜನ್ನು ಉತ್ಪಾದಿಸುತ್ತವೆ. ವಾಂತಿ ತರಿಸುವ ಆ ನಂಜು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ, ವಾಸನೆಯಿಂದ ಪತ್ತೆಯಾಗುವುದೂ ಇಲ್ಲ. ಊಟದ ನಂತರ ಪೇಟೆ ಸುತ್ತಾಡಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಪಾರ್ಸೆಲ್ ಇಟ್ಟು, ಸಂಜೆ ಮನೆಗೆ ಮರಳಿದ್ದರೆ ಅದನ್ನು ಚೆಲ್ಲಿ. ಎರಡು ಗಂಟೆಯೊಳಗೆ ಅಗಲವಾದ ಪಾತ್ರೆಗೆ ಸುರಿದು ಫ್ರಿಜ್‌ನಲ್ಲಿ ಇಟ್ಟಿದ್ದರೆ ರಾತ್ರಿ ಹಬೆಯಾಡುವಷ್ಟು ಬಿಸಿ ಮಾಡಿ ತಿನ್ನಬಹುದು.

ಪ್ರಶ್ನೆ: ಬಿಸಿ ನೂಡಲ್ಸ್ ತಿಂದ ಕೂಡಲೇ ಐಸ್ ಕ್ರೀಮ್ ತಿಂದರೆ ನೆಗಡಿಯಾಗುತ್ತದೆಯೆ?
— ತಾಯಿಯೊಬ್ಬರು, ಬೆಳಗಾವಿ

ಉತ್ತರ: ನೆಗಡಿಗೆ ಕಾರಣ ವೈರಸ್, ಐಸ್ ಕ್ರೀಮ್ ಅಲ್ಲ. ಅವಸರದಲ್ಲಿ ನುಂಗಿದರೆ ಹಣೆ ಕ್ಷಣಕಾಲ ಸಿಡಿದಂತಾಗುವುದುಂಟು. ಬಾಯಿಯ ಅಂಗುಳಕ್ಕೆ ತಟ್ಟನೆ ತಗಲುವ ತಂಪಿನಿಂದ ಅಲ್ಲಿಯ ರಕ್ತನಾಳಗಳು ಕುಗ್ಗಿ ಹಿಗ್ಗುವುದೇ ಅದಕ್ಕೆ ಕಾರಣ, ತಾನಾಗಿ ಶಮನವಾಗುತ್ತದೆ. ಮಕ್ಕಳ ವಿಷಯದಲ್ಲಿ ನಿಮ್ಮ ಎಚ್ಚರ ಬೇಕಾಗಿರುವುದು ಹೊಗೆಯಾಡುವ ಸಿಹಿತಿನಿಸುಗಳ ಬಗ್ಗೆ. ಆ ಹೊಗೆಗಾಗಿ ಬಳಸುವ ದ್ರವ ಸಾರಜನಕ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುವ ವಸ್ತು. ಅದು ಆವಿಯಾಗಿ ಹೋಗುವ ಮೊದಲೇ ನುಂಗಿದರೆ ಬಾಯಿ ಸುಟ್ಟು, ಹೊಟ್ಟೆಯಲ್ಲಿ ತೂತು ಬೀಳುವ ಅಪಾಯವಿದೆ. ಅಂಥ ತಟ್ಟೆ ಮೇಜಿಗೆ ಬಂದರೆ ವಾಪಸು ಕಳಿಸಿ, ಮಗುವಿಗೆ ಸಾದಾ ವೆನಿಲಾ ಕೊಡಿಸಿ.