ಎಷ್ಟು ರಾತ್ರಿ ಮನೆಯ ಹೊರಗೆ?

ಓದು, ಕೆಲಸದ ಬಗ್ಗೆ ಸಲಹೆ ಕೇಳಿ ನನ್ನ ಬಳಿಗೆ ಬಂದ ಹುಡುಗಿಯ ಕಥೆ ಇದು; ಹೆಸರು, ವಿವರಗಳನ್ನು ಬದಲಿಸಿದ್ದೇನೆ. ವಾಣಿ ಎನ್ನೋಣ. ವಯಸ್ಸು 24, ಸಿವಿಲ್ ಬಿಇ ಮುಗಿಸಿ ಎರಡು ವರ್ಷದಿಂದ ಬೆಂಗಳೂರಿನ ಜಯನಗರದ ಒಂದು ವಿನ್ಯಾಸ ಕಚೇರಿಯಲ್ಲಿ ಕೆಲಸ. ಅಪಾರ್ಟ್‌ಮೆಂಟುಗಳ ತೊಲೆ, ಕಂಬಗಳಿಗೆ ಎಷ್ಟು ಕಬ್ಬಿಣ ಬೇಕೆಂದು ಲೆಕ್ಕ ಹಾಕುತ್ತಾಳೆ. ತಾನು ಲೆಕ್ಕ ಹಾಕಿದ ಕಟ್ಟಡಗಳಲ್ಲಿ ಒಂದನ್ನೂ ಕಣ್ಣಾರೆ ಕಂಡಿಲ್ಲ. ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿತ್ತು, ಎಂ.ಟೆಕ್‌ಗೆ ಯಾವ ವಿಭಾಗ ಎಂಬುದೇ ಪ್ರಶ್ನೆ.

"ಹೆಚ್ಚು ಊರು ಸುತ್ತಿಸುವ ವಿಭಾಗ ಯಾವುದೋ ಅದು ಬೇಕು ಮೇಡಂ" ಎಂದಳು. ಅವಳೇ ಒಂದನ್ನು ಆರಿಸಿಕೊಂಡೂ ಬಂದಿದ್ದಳು: ಟ್ರಾನ್ಸ್‌ಪೋರ್ಟೇಶನ್. ಹೆಸರು ಕೇಳಿ ತಿರುಗಾಟದ ಕೆಲಸ ಎಂದುಕೊಳ್ಳುವವರಲ್ಲಿ ಇವಳು ಮೊದಲನೆಯವಳೇನೂ ಅಲ್ಲ. ಸಿಲ್ಕ್ ಬೋರ್ಡ್ ವೃತ್ತದಲ್ಲಿ ಹಾದುಹೋದ ವಾಹನಗಳನ್ನು ವಿಡಿಯೋದಲ್ಲಿ ಎಣಿಸಿ, ಹತ್ತು ವರ್ಷದ ನಂತರ ಎಷ್ಟಾಗಬಹುದು ಎಂದು ಕಂಪ್ಯೂಟರಿನ ಮುಂದೆ ಕುಳಿತು ಅಂದಾಜು ಮಾಡುವುದೂ ಆ ವಿಭಾಗದ ಕೆಲಸವೇ ಎಂದೆ. ಮುಖ ಸಪ್ಪಗಾಯಿತು.

ಆಮೇಲೆ ಚೀಲದಿಂದ ಒಂದು ಪತ್ರಿಕೆಯ ತುಣುಕು ತೆಗೆದಳು. ಜಮ್ಮು–ಕಾಶ್ಮೀರದ ಚೆನಾಬ್ ರೈಲು ಸೇತುವೆಯ ಚಿತ್ರ, ನದಿಯಿಂದ 359 ಮೀಟರ್ ಎತ್ತರ. ಅದಕ್ಕೆ ಭೂತಾಂತ್ರಿಕ, ಅಂದರೆ ಮಣ್ಣು–ಬಂಡೆಗಳ ಕುರಿತ, ಸಲಹೆ ಕೊಟ್ಟವರು ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ. "ಇವರ ಹಾಗೆ" ಎಂದಳು. ಆ ಕೆಲಸ 17 ವರ್ಷ ನಡೆಯಿತು ಎಂಬ ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ: "17 ವರ್ಷ, ಬಿರುಕುಬಿಟ್ಟ ಅದೇ ಬಂಡೆ, ಅದೇ ಇಳಿಜಾರು. ನಿನಗೆ ಬೇಕಾದದ್ದು ಹೊಸ ಹೊಸ ಊರೋ, ಮತ್ತೆ ಮತ್ತೆ ಹೋಗುವ ಒಂದು ಬೆಟ್ಟವೋ?" ಉತ್ತರ ಬರಲಿಲ್ಲ.

ಪ್ರಯಾಣ ಎಂಬ ಒಂದೇ ಮಾತಿನಲ್ಲಿ ಮೂರು ಬಗೆಯ ಬದುಕು ಅಡಗಿದೆ. ಗುತ್ತಿಗೆದಾರ ಕಂಪನಿಯ ಸೈಟ್ ಎಂಜಿನಿಯರ್ ಆದರೆ ಎರಡು ಮೂರು ವರ್ಷ ಒಂದೇ ಕ್ಯಾಂಪು. ಭಾನುವಾರ ಬಟ್ಟೆ ಒಗೆಯುವುದಕ್ಕೇ ಸರಿಹೋಗುತ್ತದೆ. ಅದು ಪ್ರಯಾಣವಲ್ಲ, ವಿಳಾಸ ಬದಲಾವಣೆ. ದೊಡ್ಡ ವಿನ್ಯಾಸ ಕಚೇರಿಯ ಹಿರಿಯರಿಗೆ ವಿಮಾನ, ಹೋಟೆಲು, ಸಭೆ. ಊರು ಕಾರಿನ ಕಿಟಕಿಯಲ್ಲಷ್ಟೇ. ಮಣ್ಣು–ಬಂಡೆ ಪರೀಕ್ಷಿಸುವ ಸಲಹಾ ಸಂಸ್ಥೆಗಳಲ್ಲಿ ಮೂರು ದಿನ ಇಲ್ಲಿ, ಎರಡು ವಾರ ಅಲ್ಲಿ. ಹೀಗಾಗಿ ಓದುವ ವಿಭಾಗಕ್ಕಿಂತ ಸಂಬಳ ಯಾರಿಂದ ಬರುತ್ತದೆ ಎಂಬುದೇ ನಿಮ್ಮ ಸೂಟ್‌ಕೇಸನ್ನು ಹೆಚ್ಚು ತೀರ್ಮಾನಿಸುತ್ತದೆ. ಸುರಂಗದ ಕೆಲಸ ಎಂದರೂ ಹಿಮಾಲಯಕ್ಕೇ ಹೋಗಬೇಕೆಂದಿಲ್ಲ. ಡೇರಿ ವೃತ್ತದಿಂದ ನಾಗವಾರದ ಕಡೆಗೆ ಮೆಟ್ರೋ ಸುರಂಗ ಸುಮಾರು 13.8 ಕಿ.ಮೀ. ಇದೆ, ಅಲ್ಲಿ ದುಡಿದ ನನ್ನ ಪರಿಚಯದ ಎಂಜಿನಿಯರೊಬ್ಬರು ಪಾಳಿ ಮುಗಿಸಿ ಮನೆಗೆ ಬಂದು ಮುದ್ದೆ ಉಣ್ಣುತ್ತಿದ್ದರು.

ಎರಡನೆಯ ಭೇಟಿಗೆ ತಾಯಿಯೂ ಬಂದರು. ವಾಣಿಯ ತಂದೆ ಸರ್ಕಾರಿ ಎಂಜಿನಿಯರ್ ಆಗಿದ್ದವರು. ವರ್ಗಾವಣೆಯ ಬೆನ್ನಟ್ಟಿ ಮಗಳು ಐದು ಶಾಲೆ ಕಂಡಿದ್ದಳು. "ಎಷ್ಟು ಸಲ ಅಟ್ಟದಿಂದ ಟ್ರಂಕ್ ಇಳಿಸಿದ್ದೇನೋ ಲೆಕ್ಕವಿಲ್ಲ. ಇವಳಿಗೂ ಅದೇ ಹಣೆಬರಹ ಬೇಕೇ, ನೀವೇ ಹೇಳಿ" ಎಂದರು. ಆ ಸಿಟ್ಟು ನನಗೆ ಅರ್ಥವಾಯಿತು. ಆದರೆ ಟ್ರಂಕ್ ಇಳಿಸಿದವರು ಅವರು. ಜೀಪಿನಲ್ಲಿ ಅಪ್ಪನ ಪಕ್ಕ ಕುಳಿತು ನಾಲೆ ನೋಡಲು ಹೋದವಳು ಇವಳು. ಒಂದೇ ಮನೆಯ ನೆನಪು ಇಬ್ಬರಿಗೂ ಒಂದೇ ಆಗಿರಲಿಲ್ಲ.

ವಾಣಿಯ ಕೈಗೆ ವರ್ಷದ ಕ್ಯಾಲೆಂಡರ್ ಕೊಟ್ಟು, ಮನೆಯ ಹೊರಗೆ ಕಳೆಯಲು ಮನಸ್ಸಿರುವ ರಾತ್ರಿಗಳಿಗೆ ಗುರುತು ಹಾಕಲು ಹೇಳಿದೆ. ಊರೂರು ಸುತ್ತುವ ಆಸೆಯವಳು ಉತ್ಸಾಹದಿಂದ ಶುರುಮಾಡಿ, ಯುಗಾದಿ, ದಸರಾ, ಅಮ್ಮನ ಆರೋಗ್ಯ ತಪಾಸಣೆ ಎಂದೆಲ್ಲ ಬಿಡುತ್ತಾ ಹೋಗಿ ಎಪ್ಪತ್ತಕ್ಕೆ ನಿಂತಳು. ತಾಯಿ ಕ್ಯಾಲೆಂಡರನ್ನು ತಿರುಗಿಸಿ ಎಣಿಸಿದರು. "ಇಷ್ಟೇನಾ?" ಎಂದರು.

ನಾನು ಕೊಟ್ಟ ಮುಖ್ಯ ಸಲಹೆ ಇದು: ಸೀಟು ಆರಿಸುವ ಮೊದಲು ರಜೆ ಹಾಕಿ ಮಣ್ಣು ಪರೀಕ್ಷೆಯ ತಂಡದ ಜೊತೆ ಹೋಗಿ ಬಾ. ಅವಳ ಕಚೇರಿಗೆ ಮಣ್ಣಿನ ವರದಿ ಕಳುಹಿಸುವವರನ್ನೇ ಕೇಳಿಕೊಂಡು ಚಿತ್ರದುರ್ಗದ ಕಡೆ, ಗಾಳಿಯಂತ್ರಗಳ ಅಡಿಪಾಯದ ಸ್ಥಳಕ್ಕೆ, ಹನ್ನೆರಡು ದಿನ ಹೋದಳು.

ಹಿಂದಿರುಗಿ ಬಂದವಳು ಊರಿನ ಸುದ್ದಿಯನ್ನೇ ಎತ್ತಲಿಲ್ಲ. ಸುತ್ತಿಗೆಯ ಸುದ್ದಿ ಹೇಳಿದಳು. 63.5 ಕೆ.ಜಿ. ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ ಕೊಳವೆಯನ್ನು ನೆಲಕ್ಕೆ ಇಳಿಸುತ್ತಾರೆ. ಮೊದಲ 15 ಸೆಂ.ಮೀ. ಬಿಟ್ಟು ಮುಂದಿನ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬಿದ್ದವು ಎಂದು ಬರೆದುಕೊಳ್ಳುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಹಗ್ಗ ಎಳೆಯುವವರು ದಣಿದಾಗ ಸುತ್ತಿಗೆ ಪೂರ್ತಿ ಮೇಲೇರುವುದಿಲ್ಲ. ಆಗ ಪೆಟ್ಟುಗಳು ಹೆಚ್ಚು ಬೇಕಾಗುತ್ತವೆ, ಕಾಗದದಲ್ಲಿ ಮಣ್ಣು ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. "ಎರಡು ವರ್ಷ ಆ ಸಂಖ್ಯೆಗಳನ್ನು ನಂಬಿ ಅಡಿಪಾಯ ಬರೆದಿದ್ದೇನೆ ಮೇಡಂ. ಅದರ ಹಿಂದೆ ಒಬ್ಬರ ತೋಳಿದೆ ಎಂದು ಗೊತ್ತೇ ಇರಲಿಲ್ಲ." ಕೆಂಪು ಮಣ್ಣು ಮೆತ್ತಿದ ದಾಖಲೆ ಹಾಳೆಯ ನಕಲನ್ನು ಮಡಚಿ ಇಟ್ಟುಕೊಂಡಿದ್ದಳು.

ಬೇಸರವೂ ಇತ್ತು. ಸೈಟಿನಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲದೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ಲಾಡ್ಜಿನ ಕೋಣೆಗೆ ಚಿಲಕ ಸರಿಯಿರಲಿಲ್ಲ. ಇವನ್ನು ಸಣ್ಣ ವಿಷಯ ಎಂದು ತಳ್ಳಿಹಾಕಬೇಡ ಎಂದೆ. ಕೆಲಸದ ಸಂದರ್ಶನದಲ್ಲಿ ಸಂಬಳದಷ್ಟೇ ನೇರವಾಗಿ ಕೇಳು: ನನ್ನ ಜಾಗದಲ್ಲಿದ್ದವರು ಕಳೆದ ವರ್ಷ ಎಷ್ಟು ರಾತ್ರಿ ಹೊರಗಿದ್ದರು, ಕೋಣೆ ಗೊತ್ತುಮಾಡುವವರು ಯಾರು, ಭತ್ಯೆ ಹೋಗುವ ಮೊದಲೋ ಬಿಲ್ಲು ಕೊಟ್ಟ ಮೇಲೋ. ಗೊಣಗುವ ಕಚೇರಿಗೆ ಸೇರಬೇಡ. ಎಂ.ಟೆಕ್‌ನಲ್ಲೂ ಬರೀ ಪ್ರಯೋಗಾಲಯದವರಿಗಿಂತ ಹೊರಗಿನ ಸ್ಥಳಗಳಿಗೆ ಹೋಗುವ ಮಾರ್ಗದರ್ಶಕರನ್ನು ಹುಡುಕು.

ಕೊನೆಗೆ ಜಿಯೋಟೆಕ್ನಿಕಲ್, ಅಂದರೆ ಅದೇ ಭೂತಾಂತ್ರಿಕ ವಿಭಾಗ, ಎಂದೇ ಅರ್ಜಿ ತುಂಬಿದಳು. ಸೀಟು ಸಿಕ್ಕ ದಿನ ತಾಯಿ ದೂರವಾಣಿ ಮಾಡಿದರು. ಸಂತೋಷದ ಮಾತು ಒಂದು ನಿಮಿಷ; ಉಳಿದದ್ದೆಲ್ಲ, ಚಿಲಕವಿಲ್ಲದ ಬಾಗಿಲಿಗೆ ಒಳಗಿನಿಂದ ಕೊಡುವ ಆಧಾರದ ಕೋಲು ಚಿಕ್ಕಪೇಟೆಯಲ್ಲಿ ಎಲ್ಲಿ ಸಿಗುತ್ತದೆ ಎಂಬ ವಿಚಾರಣೆ.