ದಿನಾ ಊಟ ಮಾಡೋ ಹಲಸಿನ ಟೇಬಲ್‌ಗೆ ಯಾವ ಪಾಲಿಶ್?

ಅಜ್ಜನ ಕಾಲದ ಹಲಸಿನ ಮರದ ಟೇಬಲ್, ದಿನಾ ಅದ್ರ ಮೇಲೇ ಊಟ, ಸ್ಪಿರಿಟ್ ಪಾಲಿಶ್ ಮಾಡಿಸ್ಲಾ ಪಿಯು (ಪಾಲಿಯುರಿಥೇನ್ ಅನ್ನೋ ಪ್ಲಾಸ್ಟಿಕ್ ಥರದ ಪಾಲಿಶ್) ಮಾಡಿಸ್ಲಾ ಅಂತ ಕೇಳಿದೀರಿ. ದಿನಾ ಊಟ ಅಂದ್ಮೇಲೆ ಪಿಯುನೇ ಮಾಡ್ಸಿ, ಗಟ್ಟಿ ಮಾಡೋ ಹಾರ್ಡ್‌ನರ್ ಬೆರೆಸಿ ಹೊಡೀತಾರಲ್ಲ ಅದು, ಹೊಳಪಿಲ್ಲದ ಮ್ಯಾಟ್ ಫಿನಿಶ್‌ದು ತಗೊಳ್ಳಿ, ಗೀರು ಬಿದ್ರೂ ಅಷ್ಟು ಎದ್ದು ಕಾಣಲ್ಲ.

ನಮ್ಮನೇಲಿ ಮೊದ್ಲು ಸ್ಪಿರಿಟ್ ಪಾಲಿಶೇ ಇದ್ದಿದ್ದು. ನೋಡೋಕೆ ಅದ್ರಷ್ಟು ಚೆಂದ ಇನ್ನೊಂದಿಲ್ಲ, ಅದು ನಿಜ. ಆದ್ರೆ ಅದು ಅರಗು ಕಣ್ರೀ, ಚನ್ನಪಟ್ಟಣದ ಬೊಂಬೆಗೆ ಹಾಕ್ತಾರಲ್ಲ ಅದೇ ಅರಗು, ಇಲ್ಲಿ ಸ್ಪಿರಿಟ್‌ನಲ್ಲಿ ಕರಗಿಸಿರ್ತಾರೆ ಅಷ್ಟೇ. ಒಂದಿನ ಅಮ್ಮ ಒಲೆಯಿಂದ ಇಳಿಸಿದ ಸಾರಿನ ಪಾತ್ರೆ ಹಾಗೇ ಇಟ್ಬಿಟ್ರು, ತೆಗೆದು ನೋಡಿದ್ರೆ ಬೆಳ್ಳಗೆ ಬಳೆ ಆಕಾರದ ಕಲೆ. ಆಮೇಲೆ 2020ರಲ್ಲಿ ಕೊರೊನಾ ಬಂತಲ್ಲ, ಸ್ಯಾನಿಟೈಸರ್ ಬಾಟ್ಲಿ ಆ ಟೇಬಲ್ ಮೇಲೇ ಇರ್ತಿತ್ತು, ಹನಿ ಬಿದ್ದಲ್ಲೆಲ್ಲ ಪಾಲಿಶ್ ಅಂಟಂಟಾಗಿ ಎದ್ದೋಯ್ತು, ಅದ್ರಲ್ಲಿರೋದೂ ಆಲ್ಕೋಹಾಲೇ ಅಲ್ವಾ, ಅರಗನ್ನ ಕರಗಿಸದೆ ಬಿಡತ್ತಾ.

ನಿಮ್ಮ ಟೇಬಲ್ ಮೇಲೆ ಈಗಿರೋದು ಯಾವ್ದು ಅಂತ ಗೊತ್ತಾಗ್ಬೇಕಾ, ಕೆಳಗಡೆ ಕಾಣದ ಮೂಲೇಲಿ ಹತ್ತಿಗೆ ಸ್ಪಿರಿಟ್ ಅದ್ದಿ ಉಜ್ಜಿ. ಅಂಟಾದ್ರೆ ಅರಗು. ಅದನ್ನ ಪೂರ್ತಿ ತೆಗೀದೆ ಮೇಲೆ ಪಿಯು ಹೊಡೆಸ್ಬೇಡಿ, ಆಮೇಲೆ ಸಿಪ್ಪೆ ಥರ ಏಳತ್ತೆ. 120 ನಂಬರಿನ ಸ್ಯಾಂಡ್ ಪೇಪರ್‌ನಿಂದ ಶುರು ಮಾಡಿ ಇನ್ನೂ ನುಣುಪಾದ 180, 220 ಅಂತ ಹೋಗ್ಬೇಕು, ಮರದ ಎಳೆ ಯಾವ ಕಡೆ ಓಡತ್ತೋ ಆ ಕಡೆಗೇ ಉಜ್ಬೇಕು, ಅಡ್ಡ ಉಜ್ಜಿದ್ರೆ ಆ ಗೀರೆಲ್ಲ ಪಾಲಿಶ್ ಬಿದ್ಮೇಲೆ ಎದ್ದು ಕಾಣತ್ತೆ. ಉಜ್ಜಿದ್ಮೇಲೆ ಹಲಸು ಹಳದಿಯಾಗಿ ಕಂಡು ಗಾಬ್ರಿಯಾಗ್ಬೋದು, ಪಾಲಿಶ್‌ನವ್ರು ಸ್ಟೇನ್ (ಮರಕ್ಕೆ ಹಚ್ಚೋ ಬಣ್ಣ) ಹಾಕೋಣ ಸಾರ್ ಅಂತಾನೂ ಅಂತಾರೆ, ದಯವಿಟ್ಟು ಬೇಡ ಅನ್ನಿ! ಬೆಳಕಿಗೆ ಅದೇ ನಿಧಾನಕ್ಕೆ ಕೆಂಪು ತಿರುಗತ್ತೆ, ಆ ಬಣ್ಣ ಯಾವ ಡಬ್ಬೀಲೂ ಸಿಗಲ್ಲ.

ಮೆಲಮೈನ್ ಅನ್ನೋ ಇನ್ನೊಂದು ಪಾಲಿಶ್ ಪಿಯುಗಿಂತ ಅಗ್ಗ, ನೀರೂ ತಡೆಯತ್ತೆ, ಆದ್ರೆ ಕಣ್ಣು ಉರಿಯೋ ಘಾಟು ಎಷ್ಟೋ ದಿನ ಹೋಗಲ್ಲ, ಮಕ್ಕಳಿರೋ ಮನೆಗೆ ನಾನು ಹೇಳಲ್ಲ. ಪಾಲಿಶ್ ಬದ್ಲು ಅಗಸೆ ಎಣ್ಣೆ ಹಚ್ಚೋದಾದ್ರೆ ಒಂದು ಮಾತು, ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತಾನೇ ಬಿಸಿಯಾಗಿ ಬೆಂಕಿ ಹತ್ಕೋಬೋದು, ಹರಡಿ ಹೊರಗೆ ಒಣಗಿಸಿ.

ಮಳೆಗಾಲದಲ್ಲಂತೂ ಕೆಲ್ಸ ಇಟ್ಕೋಬೇಡಿ. ಪಿಯು ಹಾರ್ಡ್‌ನರ್‌ಗೆ ತೇವ ತಾಗಿದ್ರೆ ಗುಳ್ಳೆ ಬರತ್ತೆ. ಹಲಗೆಯ ಕೆಳಭಾಗಕ್ಕೂ ಒಂದು ಕೋಟ್ ಹೊಡೆಸಿ, ಇಲ್ದಿದ್ರೆ ತೇವ ಒಂದೇ ಕಡೆಯಿಂದ ಹೋಗಿ ಹಲಗೆ ಬಾಗತ್ತೆ. ಸ್ಪ್ರೇ ಮಾಡೋವಾಗ ಮನೆಯವ್ರು ಹತ್ರ ಇರ್ಬೇಡಿ, ಹೊಡೆಯೋರಿಗೆ ಒಳ್ಳೇ ಮಾಸ್ಕ್ ಇದ್ಯಾ ನೋಡಿ. ಮಾರನೇ ದಿನ ಮುಟ್ಟಿದ್ರೆ ಒಣಗಿದೆ ಅನ್ಸತ್ತೆ, ಆದ್ರೂ ಒಂದು ವಾರ ಪಾತ್ರೆ ಇಡ್ಬೇಡಿ, ಆಮೇಲೂ ಒಲೆಯಿಂದ ಇಳಿಸಿದ್ದಕ್ಕೆ ಕೆಳಗೊಂದು ಮಣೆನೋ ಸಿಂಬಿನೋ ಇರ್ಲಿ.