ಪ್ರಿಂಟರ್ ಬಂತು, ಚೀಟಿ ಹೋಗಲಿಲ್ಲ

‘ಯಾವ ಸಾಫ್ಟ್‌ವೇರ್ ತಗೊಳ್ಳಲಿ?’ ಈ ತಿಂಗಳೂ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ಇದಕ್ಕೆ ಉತ್ತರ ಕೊಡುವುದನ್ನು ನಾನು ಬಿಟ್ಟು ಎಷ್ಟೋ ಕಾಲವಾಯಿತು. ನೋವು ಎಲ್ಲಿ ಅಂತ ಹೇಳದೆ ಮಾತ್ರೆ ಯಾವುದು ಅಂತ ಕೇಳಿದರೆ ಡಾಕ್ಟರೂ ಬೈಯುತ್ತಾರೆ. ಮುಂಬೈ ಹತ್ತಿರದ ಡೊಂಬಿವಲಿಯ ಒಬ್ಬರು ಮಾತ್ರ ನೋವು ಎಲ್ಲಿ ಅಂತ ಸರಿಯಾಗಿ ಬರೆದಿದ್ದಾರೆ. ಹಾಗಾಗಿ ಈ ಸಲ ಜಾಗವೆಲ್ಲ ಅವರಿಗೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು 22 ಟೇಬಲ್‌ನ ವೆಜ್ ಹೋಟೆಲು. ಮೂರು ವರ್ಷದ ಹಿಂದೆ ಬಿಲ್ಲಿಂಗ್ ಸಾಫ್ಟ್‌ವೇರ್, ಆರ್ಡರ್ ತಗೊಳ್ಳಲು ಟ್ಯಾಬ್, ಅಡುಗೆಮನೆಗೆ ಪ್ರಿಂಟರ್ ಎಲ್ಲ ಹಾಕಿಸಿದೆ. ಆದರೂ ಮಾಣಿಗಳು ಚೀಟಿಯಲ್ಲಿ ಬರೆದುಕೊಳ್ಳುವುದನ್ನು ಬಿಟ್ಟಿಲ್ಲ. ರಾತ್ರಿ ಮ್ಯಾನೇಜರ್ ಪುಸ್ತಕದಲ್ಲಿ ಬರೆಯುತ್ತಾರೆ. ಅಪ್ಪ ಊರಿಂದ ಬಂದಾಗ ನೋಡಲು ನಾನೂ ಒಂದು ಡೈರಿ ಇಟ್ಟಿದ್ದೇನೆ. ಡಿಜಿಟಲ್ ಆದರೆ ಉತ್ಪಾದಕತೆ (ಅಷ್ಟೇ ದುಡಿಮೆಗೆ ಸಿಗುವ ಫಲ) ಹೆಚ್ಚುತ್ತದೆ, ದೇಶ ಮುಂದೆ ಬರುತ್ತದೆ ಅಂತಾರೆ. ದೇಶದ ಕಥೆ ನನಗೆ ಗೊತ್ತಿಲ್ಲ, ನನ್ನ ಗಲ್ಲಾಪೆಟ್ಟಿಗೆಯಲ್ಲಿ ಏನೂ ಬದಲಾಗಿಲ್ಲ. ಈಗ ಏಜೆಂಟ್ ‘ಎಐ ಹಾಕಿಸಿ’ ಅನ್ನುತ್ತಿದ್ದಾನೆ. ಹಾಕಿಸಲಾ?

ಉತ್ತರ: ಬೇಡ ಮಾರಾಯ್ರೇ.

ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ಒಂದು ಮಸಾಲೆ ದೋಸೆಯ ಲೆಕ್ಕ ಚೀಟಿಯಲ್ಲಿ, ಟ್ಯಾಬ್‌ನಲ್ಲಿ, ಪುಸ್ತಕದಲ್ಲಿ, ಡೈರಿಯಲ್ಲಿ. ನಾಲ್ಕು ಕಡೆ. ಟ್ಯಾಬ್ ಬರುವ ಮೊದಲು ಮೂರೇ ಕಡೆ ಇತ್ತು. ಅಂದರೆ ದುಡ್ಡು ಕೊಟ್ಟು ಕೆಲಸ ಹೆಚ್ಚಿಸಿಕೊಂಡಿದ್ದೀರಿ. ಇದರಲ್ಲಿ ಲಾಭ ಎಲ್ಲಿಂದ ಬರಬೇಕು?

ಇದು ನಿಮ್ಮೊಬ್ಬರ ಕಥೆಯೂ ಅಲ್ಲ. 1987ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ ಚುಚ್ಚಿ ಹೇಳಿದ್ದರು, ಕಂಪ್ಯೂಟರ್ ಎಲ್ಲ ಕಡೆ ಕಾಣುತ್ತದೆ, ಉತ್ಪಾದಕತೆಯ ಲೆಕ್ಕದಲ್ಲಿ ಮಾತ್ರ ಕಾಣುವುದಿಲ್ಲ ಅಂತ. ಅದೇ ವರ್ಷ ಅವರಿಗೆ ನೊಬೆಲ್ ಬಂತು. ಈ ಮಾತಿಗಲ್ಲ ಬಿಡಿ, ಬೇರೆ ಕೆಲಸಕ್ಕೆ.

ಅದಕ್ಕೂ ಹಳೆಯದು ಕರೆಂಟಿನ ಕಥೆ. ಉಗಿಯ ಕಾಲದ ಕಾರ್ಖಾನೆಯಲ್ಲಿ ಒಂದೇ ದೊಡ್ಡ ಎಂಜಿನ್. ಅದು ಮಾಡಿನ ಕೆಳಗೆ ಉದ್ದಕ್ಕೂ ಹೋದ ಕಬ್ಬಿಣದ ದಂಡವನ್ನು ತಿರುಗಿಸುತ್ತಿತ್ತು. ಆ ದಂಡದಿಂದ ಒಂದೊಂದು ಯಂತ್ರಕ್ಕೂ ಬೆಲ್ಟ್. ಕರೆಂಟ್ ಬಂದಾಗ ಅಮೆರಿಕದ ಎಷ್ಟೋ ಮಾಲೀಕರು ಎಂಜಿನ್ ಕಿತ್ತು ಅದೇ ಜಾಗದಲ್ಲಿ ದೊಡ್ಡ ಮೋಟಾರ್ ಕೂರಿಸಿದರು. ದಂಡ, ಬೆಲ್ಟ್ ಹಾಗೇ ಉಳಿದವು. ಎಡಿಸನ್ ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರ ಶುರು ಮಾಡಿದ್ದು 1882ರಲ್ಲಿ. ಕಾರ್ಖಾನೆಗಳ ಉತ್ಪಾದಕತೆಯಲ್ಲಿ ಅದು ಜೋರಾಗಿ ಕಂಡದ್ದು 1920ರ ದಶಕದಲ್ಲಿ. ಅಷ್ಟು ಹೊತ್ತಿಗೆ ಒಂದೊಂದು ಯಂತ್ರಕ್ಕೂ ಅದರದ್ದೇ ಮೋಟಾರ್ ಬಂದಿತ್ತು. ಕೆಲಸ ಸಾಗುವ ಕ್ರಮ ನೋಡಿ ಯಂತ್ರಗಳ ಜಾಗವನ್ನೇ ಬದಲಿಸಿದ್ದರು. ನಿಮ್ಮ ಟ್ಯಾಬ್ ಇದೆಯಲ್ಲ, ಅದು ಹಳೇ ದಂಡಕ್ಕೆ ಕಟ್ಟಿದ ಹೊಸ ಮೋಟಾರ್.

ಅಮೆರಿಕ ದೂರ ಆಯಿತಾ? ಇಲ್ಲೇ ಮುಂಬೈ ಆಚೆಯ ತಾರಾಪುರಕ್ಕೆ ಬನ್ನಿ, ರೈಲಿನಲ್ಲಿ ಬೋಯಿಸರ್‌ನಲ್ಲಿ ಇಳಿದರೆ ಸಾಕು. ಅಲ್ಲಿ ಮತ್ತು ಉಂಬರ್‌ಗಾಂವ್‌ನಲ್ಲಿ 17 ಬಟ್ಟೆ ಕಂಪನಿಗಳ 28 ಕಾರ್ಖಾನೆಗಳನ್ನು ಇಟ್ಟುಕೊಂಡು ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅವರು ಹೇಳಿಕೊಟ್ಟದ್ದು ದೊಡ್ಡ ವಿದ್ಯೆ ಏನಲ್ಲ. ನೂಲಿನ ದಾಸ್ತಾನು ಎಣಿಸಿ ಇಡಿ. ಬಟ್ಟೆಯಲ್ಲಿ ಕಂಡ ದೋಷವನ್ನು ದಿನಾ ಬರೆಯಿರಿ, ಕಾರಣ ಹುಡುಕಿ. ಮಗ್ಗ ಕೆಡುವ ಮೊದಲೇ ರಿಪೇರಿ ಮಾಡಿ. ಹೀಗೆ ಮಾಡಿದ ಕಡೆ ಮೊದಲ ವರ್ಷವೇ ಉತ್ಪಾದಕತೆ ಶೇ 17 ಏರಿತು. ನನಗೆ ಇಷ್ಟವಾದ ಸಂಗತಿ ಬೇರೆ. ಆ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ಬಳಕೆಯೂ ಹೆಚ್ಚಿತು. ಅಷ್ಟೊಂದು ಲೆಕ್ಕ ಬರೆದಿಡಬೇಕಾಯಿತು, ಹಾಗಾಗಿ ಕಂಪ್ಯೂಟರ್ ಬೇಕಾಯಿತು. ನಮ್ಮಲ್ಲಿ ಕಂಪ್ಯೂಟರ್ ಮೊದಲು ಬರುತ್ತದೆ. ಲೆಕ್ಕ ಯಾವತ್ತೋ.

ಈಗ ನಿಮ್ಮ ಹೋಟೆಲಿಗೆ ಬರೋಣ. ಚೆಂಬೂರಿನಲ್ಲಿ ನಾನು ನೋಡಿದ ಒಂದು ಹೋಟೆಲಿನ ವಿಷಯ ಹೇಳುತ್ತೇನೆ. ದೋಸೆ ಹಿಟ್ಟು ಕಡಿಮೆ ಬೀಳುತ್ತಿದೆ, ಹುಡುಗರು ಕದಿಯುತ್ತಿದ್ದಾರೆ ಅಂತ ಮಾಲೀಕರಿಗೆ ಅನುಮಾನ. ಕ್ಯಾಮೆರಾ ಕೂಡ ಹಾಕಿಸಿದ್ದರು. ನಾನು ತರಿಸಿದ್ದು ಒಂದು ತೂಕದ ಯಂತ್ರ. ಪಾಳಿ ಶುರುವಾಗುವಾಗ ಹಿಟ್ಟು ತೂಗುವುದು, ಮುಗಿದ ಮೇಲೆ ಉಳಿದದ್ದು ತೂಗುವುದು. ದೋಸೆ ಎಷ್ಟು ಹೋಯಿತು ಅಂತ ಬಿಲ್ಲಿಂಗ್ ಮೆಷಿನ್ನೇ ಹೇಳುತ್ತದೆ, ಗಂಟೆಯ ಲೆಕ್ಕದಲ್ಲಿ. ಸೌಟಿಗೆ 100 ಗ್ರಾಂ ಅಂದರೆ 20 ಕಿಲೋಗೆ 200 ದೋಸೆ ಆಗಬೇಕು, ಅಲ್ವಾ? ಬೆಳಗಿನ ಪಾಳಿಯಲ್ಲಿ ಹತ್ತಿರ ಹತ್ತಿರ ಅಷ್ಟೇ ಆಗುತ್ತಿತ್ತು. ಸಂಜೆ 160ಕ್ಕೆ ಹಿಟ್ಟು ಖಾಲಿ. ಕದ್ದವರು ಯಾರೂ ಇಲ್ಲ. ಸಂಜೆಯ ಭಟ್ಟರ ಸೌಟು ದೊಡ್ಡದು, 125 ಗ್ರಾಂ ಹಿಡಿಯುತ್ತಿತ್ತು. ಭುಲೇಶ್ವರದಿಂದ ಒಂದೇ ಅಳತೆಯ ಎರಡು ಸೌಟು ತಂದರು, ಮುಗಿಯಿತು. ಕ್ಯಾಮೆರಾ ಈಗಲೂ ಅಲ್ಲೇ ಇದೆ, ಒಗ್ಗರಣೆಯ ಹೊಗೆ ಕುಡಿಯುತ್ತಾ.

ಇಲ್ಲಿ ಕೆಲಸ ಮಾಡಿದ್ದು ಡಿಜಿಟಲ್ಲೇ. ಕೈಬರಹದ ಪುಸ್ತಕದಲ್ಲಿ ದಿನದ ಒಟ್ಟು ಮಾತ್ರ ಸಿಗುತ್ತಿತ್ತು, ಪಾಳಿ ಪಾಳಿಯ ಲೆಕ್ಕ ಸಿಗುತ್ತಿರಲಿಲ್ಲ. ಆದರೆ ಏನು ಕೇಳಬೇಕು ಅಂತ ನಮಗೆ ಗೊತ್ತಿತ್ತು, ಅದಕ್ಕೇ ಮೆಷಿನ್ ಉತ್ತರ ಕೊಟ್ಟಿತು.

ನೀವು ಮಾಡಬೇಕಾದ್ದು ಇಷ್ಟು. ಚೀಟಿ ನಿಲ್ಲಿಸಿ, ಒಂದು ಗೊತ್ತಾದ ದಿನದಿಂದ, ಖಂಡಿತವಾಗಿ. ಸೋಮವಾರ ಮಧ್ಯಾಹ್ನ ಶುರು ಮಾಡಿ, ಭಾನುವಾರ ಬೆಳಗ್ಗೆ ಬೇಡ. ಮಾಣಿಗಳಿಗೆ ಟ್ಯಾಬ್ ಯಾಕೆ ಬೇಡ ಅಂತ ಕೂತು ಕೇಳಿ. ಮೆನು ಇಂಗ್ಲಿಷಿನಲ್ಲಿದೆ, ಎಣ್ಣೆಗೈಗೆ ಸ್ಕ್ರೀನ್ ಕೇಳುವುದಿಲ್ಲ, ವೈಫೈ ಮೂಲೆಯ ಟೇಬಲ್‌ವರೆಗೆ ಬರುವುದಿಲ್ಲ... ಕಾರಣ ಇಂಥದ್ದೇ ಏನೋ ಇರುತ್ತದೆ. ಆಮೇಲೆ ಒಂದೇ ಪದಾರ್ಥ ಹಿಡಿಯಿರಿ, ಹಿಟ್ಟೋ ಹಾಲೋ. ಒಂದು ತಿಂಗಳು ತೂಗಿ. ಎಲ್ಲವನ್ನೂ ಒಟ್ಟಿಗೆ ಅಳೆಯಲು ಹೋದವರು ಹತ್ತು ದಿನದಲ್ಲಿ ಕೈಬಿಟ್ಟದ್ದನ್ನು ನಾನು ಸುಮಾರು ಸಲ ನೋಡಿದ್ದೇನೆ. ಅಪ್ಪನ ಡೈರಿ ಬೇಕಾದರೆ ಇರಲಿ. ಅದು ಲೆಕ್ಕಕ್ಕಲ್ಲ, ಮರ್ಯಾದೆಗೆ.

ಎಐ ಬಗ್ಗೆ: ನಾಲ್ಕು ಕಡೆ ನಾಲ್ಕು ಲೆಕ್ಕ ಇರುವ ಹೋಟೆಲಿಗೆ ಅದು ಐದನೇ ಲೆಕ್ಕ ಹೇಳುತ್ತದೆ. ಸುಮ್ನೆ ಖರ್ಚು.

ಇನ್ನು ಉಳಿದವು.

ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಮಾಡಿಸಲು ಒಬ್ಬರು 3,500 ರೂಪಾಯಿ ಕೇಳುತ್ತಿದ್ದಾರೆ. ಜಾಸ್ತಿಯಾಯಿತಾ? (ವಸಾಯಿ)
ಒಂದು ರೂಪಾಯಿ ಕೇಳಿದರೂ ಜಾಸ್ತಿಯೇ. 2020ರ ಜುಲೈಯಿಂದ ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಪುಕ್ಕಟೆ. ಆ ಮನುಷ್ಯನನ್ನು ಅಂಗಡಿಯಿಂದ ಹೊರಗೆ ಕಳಿಸಿ.

ವರ್ಷಕ್ಕೆ ಒಂದೂವರೆ ಕೋಟಿ ವ್ಯಾಪಾರ. ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್) ಬೇಕಾ? (ಮೀರಾ ರೋಡ್)
ಇಲ್ಲ. 2023ರ ಆಗಸ್ಟ್‌ನಿಂದ 5 ಕೋಟಿ ದಾಟಿದವರಿಗೆ. ಅದೂ ವ್ಯಾಪಾರಿಗಳಿಗೆ ಮಾರುವ ಬಿಲ್ಲಿಗೆ.

2025ರ ಜುಲೈಯಲ್ಲಿ ಊರಲ್ಲಿ, ಕರ್ನಾಟಕದಲ್ಲಿ, ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂತಲ್ಲ. ಕ್ಯೂಆರ್ ತೆಗೆದು ಬರೀ ಕ್ಯಾಶ್ ತಗೊಳ್ಳಲಾ? (ಘಾಟ್‌ಕೋಪರ್)
ತೆರಿಗೆ ವ್ಯಾಪಾರಕ್ಕೆ, ಕ್ಯೂಆರ್‌ಗೆ ಅಲ್ಲ. ವರ್ಷದ ವ್ಯಾಪಾರ ಸರಕು ಮಾರುವವರಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಕ್ಯಾಶ್ ಆದರೂ ನೋಂದಣಿ ಆಗಲೇಬೇಕು. ಕ್ಯೂಆರ್ ತೆಗೆದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಅಷ್ಟೇ.

ದೊಡ್ಡ ಕಂಪನಿಗೆ ಮಾಲು ಕೊಟ್ಟು 90 ದಿನ ಕಾಯುತ್ತೇವೆ. ಇದಕ್ಕೆ ಏನಾದರೂ ಡಿಜಿಟಲ್ ದಾರಿ ಇದೆಯಾ? (ಭೋಸರಿ, ಪುಣೆ)
ಇದೆ. ಇದನ್ನು ಇನ್ನೂ ಜಾಸ್ತಿ ಜನ ಕೇಳಬೇಕಿತ್ತು. ಟ್ರೆಡ್ಸ್ ಅಂತ, ರಿಸರ್ವ್ ಬ್ಯಾಂಕಿನ ಒಪ್ಪಿಗೆ ಇರುವ ವೇದಿಕೆಗಳು. ಕಂಪನಿ ಒಪ್ಪಿದ ನಿಮ್ಮ ಬಿಲ್ಲಿಗೆ ಬ್ಯಾಂಕುಗಳು ಬಡ್ಡಿದರ ಕೂಗುತ್ತವೆ, ಕಡಿಮೆ ಕೂಗಿದವರಿಂದ ನಿಮಗೆ ಹಣ. ವಸೂಲಿ ಅವರ ತಲೆನೋವು. 250 ಕೋಟಿ ಮೇಲೆ ವಹಿವಾಟಿರುವ ಕಂಪನಿಗಳು ಅಲ್ಲಿ ಸೇರಲೇಬೇಕು ಅಂತ ನಿಯಮವಿದೆ. ನಿಮ್ಮ ಕಂಪನಿ ಸೇರಿದೆಯಾ ಅಂತ ಅಕೌಂಟ್ಸ್‌ನವರನ್ನು ಕೇಳಿ.

ರಾತ್ರಿ ಕೆಲವು ಬಿಲ್ ಅಳಿಸಿಹಾಕುವ ಸಾಫ್ಟ್‌ವೇರ್ ಇದೆಯಂತೆ. (ಊರು ಬರೆದಿಲ್ಲ)
ಊರು ಬರೆಯದ್ದು ಒಳ್ಳೆಯದಾಯಿತು. ಅದನ್ನು ಮಾರುವವನು ಕಳ್ಳ, ನಾಳೆ ಸಿಕ್ಕಿಬೀಳುವವರು ನೀವು. ಮುಂದೆ ಇಂಥದ್ದನ್ನು ನನಗೆ ಬರೆಯಬೇಡಿ.

ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ? (ಕುರ್ಲಾ)
ದಿನಾ. ಕುರ್ಲಾದವರು ಕೇಳಿದ್ದರಿಂದ ಹೇಳುತ್ತೇನೆ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ ಸುರಿಯಿತು. ನಾನು ಲೆಕ್ಕ ನೋಡುತ್ತಿದ್ದ ಒಂದು ಅಂಗಡಿಯಲ್ಲಿ ಸಿಪಿಯು ನೆಲದ ಮೇಲಿತ್ತು. ಬ್ಯಾಕಪ್ ಡಿಸ್ಕ್ ಅದರ ಮೇಲೆ. ಅಲ್ಲಿ ಇಡಿ ಅಂದವನು ನಾನೇ. ಆರು ವರ್ಷದ ಲೆಕ್ಕ ಹೋಯಿತು. ಇವತ್ತಿಗೂ ಯಾರದ್ದೇ ಅಂಗಡಿಗೆ ಹೋದರೂ ಮೊದಲು ಮೇಜಿನ ಕೆಳಗೆ ಬಗ್ಗಿ ನೋಡುತ್ತೇನೆ. ಕ್ಲೌಡ್‌ನಲ್ಲಿ ಇಟ್ಟಿದ್ದರೂ ನಿಮ್ಮದೇ ಒಂದು ಪ್ರತಿ ಇರಲಿ, ಅದನ್ನು ರಾತ್ರಿ ಮನೆಗೆ ತಗೊಂಡು ಹೋಗಿ. ಮನೆ ಅಂಗಡಿಯ ಹಿಂದೆಯೇ ಇದ್ದರೆ ಅಣ್ಣನ ಮನೆಯಲ್ಲಿ ಇಡಿ.